ಅತ್ತೆಗೊಂದು ಕಯಾಕ್ ಸೀಟು

"ಇನ್ನು ನೀನೊಬ್ಳೇ ಹೋಗು ಮಾರಾಯ್ತಿ. ನನ್ನ ಸೊಂಟ ಈ ದೋಣಿಗೆ ಆಗಿದ್ದಲ್ಲ" ಎಂದು ಅತ್ತೆ ಹೇಳಿದ್ದು ಕಳೆದ ವರ್ಷ, ಶರಾವತಿ ಹಿನ್ನೀರಿನ ದಡದಲ್ಲಿ. ಆಗ ಸಂಜೆಯಾಗಿತ್ತು ಎಂದು ನನ್ನ ನೆನಪು. ಬೆಳಿಗ್ಗೆ ಎಂದು ನನ್ನ ಗಂಡನ ನೆನಪು. ಅಂದು ದಡದಲ್ಲೇ ಕೂತು ಕಟ್ಟಿಕೊಂಡು ಹೋಗಿದ್ದ ದೋಸೆ ತಿಂದೆವಲ್ಲ ಎಂದು ಅವರು ಸಾಕ್ಷಿ ಕೊಡುತ್ತಾರೆ. ಹೊತ್ತು ಯಾವುದೇ ಆಗಿರಲಿ, ಆ ಮಾತು ಹೇಳುವಾಗ ಅತ್ತೆ ನನ್ನ ಭುಜ ಹಿಡಿದುಕೊಂಡು ದೋಣಿಯಿಂದ ಒಂದೊಂದೇ ಕಾಲನ್ನು ಕೆಳಗಿಡುತ್ತಿದ್ದರು. ಯಾವತ್ತೂ ಯಾರನ್ನೂ ಹಿಡಿದುಕೊಂಡು ಇಳಿದವರಲ್ಲ ಅವರು. ಆ ಕೈಯ ಭಾರದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಕಯಾಕ್ ನಮ್ಮ ಮನೆಗೆ ಬಂದದ್ದೇ ಒಂದು ತಮಾಷೆ. ಹಿನ್ನೀರಿನ ಬದಿಯ ಶಿಬಿರವೊಂದು ಮುಚ್ಚುವಾಗ ಹಳೆಯ ಸಾಮಾನು ಮಾರಿತು. ನನ್ನ ಗಂಡ ಒಂದು ಗುಡಾರ ತರುತ್ತೇನೆಂದು ಹೋದವರು ಇಬ್ಬರು ಕೂರುವ ಈ ಉದ್ದನೆಯ ಪ್ಲಾಸ್ಟಿಕ್ ದೋಣಿಯನ್ನು ಜೀಪಿನ ಮೇಲೆ ಕಟ್ಟಿಕೊಂಡು ಬಂದರು. ಒಂದು ಕಾಲದಲ್ಲಿ ಹಳದಿ ಇದ್ದಿರಬೇಕು, ನಾವು ನೋಡುವಾಗಲೇ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅವರು ಒಂದೇ ಸಲ ಹತ್ತಿ, ಹೊಟ್ಟೆ ತೊಳಸುತ್ತದೆ ಎಂದು ಇಳಿದವರು ಮತ್ತೆ ಹತ್ತಲಿಲ್ಲ. ಅವರ ಬದಲಿಗೆ ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡು, ಲೈಫ್ ಜಾಕೆಟ್ ಬಿಗಿದುಕೊಂಡು ಹತ್ತಿದವರು ಅತ್ತೆ. ಹೊಸನಗರದ ಕಡೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ತವರು ಹಿನ್ನೀರಿನ ಪಕ್ಕದ ಊರು. ದೋಣಿ ಅಲ್ಲೇ, ಅವರ ತಮ್ಮನ ಮನೆಯ ಸೌದೆ ಕೊಟ್ಟಿಗೆಯಲ್ಲಿರುತ್ತದೆ. ನಾವು ಸಾಗರದಿಂದ ರಜೆಯ ದಿನ ಹೋಗುತ್ತೇವೆ.

ಮುಂದಿನ ಸೀಟು ಅತ್ತೆಯದು, ಹಿಂದಿನದು ನನ್ನದು. ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಮಾತು ಕಷ್ಟವಲ್ಲ. ಆದರೂ ಮನೆಯಲ್ಲಿ ಅತ್ತೆಯ ಜೊತೆ ನನ್ನ ಮಾತು ಬಹಳ ಕಾಲ ಹಾಲು, ಗ್ಯಾಸು, ನನ್ನ ಮಗಳ ಪರೀಕ್ಷೆಗಳ ಆಚೆ ಹೋಗಿರಲಿಲ್ಲ. ದೋಣಿಯಲ್ಲಿ ಅವರಿಗೆ ನನ್ನ ಮುಖ ಕಾಣುವುದಿಲ್ಲ, ನನಗೆ ಅವರ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೋ ಏನೋ, ಅಲ್ಲಿ ಅವರು ಏನು ಬೇಕಾದರೂ ಹೇಳುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ಅವರಿಗೆ ನಾನು ಒಪ್ಪಿಗೆಯಾಗಿರಲಿಲ್ಲ ಎಂದು ಹೇಳಿದ್ದೂ ನೀರಿನ ಮೇಲೆಯೇ. "ಎಂತಕ್ಕೆ ಅತ್ತೆ?" ಎಂದು ನಾನು ಕೇಳಿದ್ದಕ್ಕೆ, "ಉಪ್ಪಿಟ್ಟು ಕೊಡುವಾಗ ನಗಲೇ ಇಲ್ಲ ನೀನು. ಆಮೇಲೆ ಗೊತ್ತಾಯ್ತು, ನಿಂಗೆ ಹಲ್ಲುನೋವು ಅಂತ" ಎಂದು ನಕ್ಕರು. ನನಗೆ ಆ ಹಲ್ಲುನೋವು ನೆನಪಿಲ್ಲ. ಅವರಿಗೆ ಹಾಗೆ ಅಂದುಕೊಳ್ಳುವುದು ಬೇಕಿತ್ತೋ ಏನೋ. ನಾನು ತಿದ್ದಲಿಲ್ಲ.

ಅವರು ಬರುವುದಿಲ್ಲವೆಂದರೆ ನಾನು ಕಳೆದುಕೊಳ್ಳುವುದು ದೋಣಿಯನ್ನಲ್ಲ, ಈ ಮಾತನ್ನು.

ಹಳೆಯ ಸೀಟನ್ನು ಬಿಚ್ಚಿ ನೋಡಿದೆ. ಕೂರುವ ಸ್ಪಂಜು ಹಪ್ಪಳವಾಗಿತ್ತು. ಬೆನ್ನಿನ ಪಟ್ಟಿಯ ಒಂದು ಬದಿ ಕಿತ್ತುಹೋಗಿ, ಅತ್ತೆ ಯಾವಾಗಲೋ ಅದಕ್ಕೆ ಚೂಡಿದಾರದ ಲಾಡಿ ಕಟ್ಟಿದ್ದರು. ಒರಗಿದರೆ ಬೆನ್ನು ಒಂದು ಪಕ್ಕಕ್ಕೆ ವಾಲುತ್ತಿತ್ತು. ತೀರ್ಥಹಳ್ಳಿಯಲ್ಲಿ ತೋರಿಸಿದ ಡಾಕ್ಟರು ದೋಣಿ ಬೇಡ ಎಂದಿರಲಿಲ್ಲ. ಸೊಂಟಕ್ಕೆ ಆಧಾರವಿಲ್ಲದೆ ಬಗ್ಗಿ ಕೂರಬೇಡಿ ಎಂದಷ್ಟೇ ಹೇಳಿದ್ದರು. ಹಾಗಾದರೆ ಒಳ್ಳೆಯ ಸೀಟು ಹಾಕಿಸಿದರೆ ಅತ್ತೆ ಮತ್ತೆ ಬರುತ್ತಾರೆ ಎಂದು ಲೆಕ್ಕ ಹಾಕಿದೆ.

ಫೋನಿನಲ್ಲಿ ಹುಡುಕಿದರೆ ಸೀಟುಗಳ ಸಂತೆಯೇ ಇತ್ತು. ತಲೆಯವರೆಗೆ ಬೆನ್ನಿರುವುದು, ಸೊಂಟದವರೆಗೆ ಮಾತ್ರ ಇರುವುದು, ಗಾಳಿ ತುಂಬುವುದು, ಹಿಂದೆ ಚೀಲ ಇರುವುದು. ಕೆಳಗೆ ಬಳಸಿದವರ ಅಭಿಪ್ರಾಯಗಳು. ಅವರಲ್ಲಿ ಯಾರೂ ಅತ್ತೆಯ ಹಾಗೆ ಕೂರುವವರಲ್ಲ ಎನ್ನಿಸಿತು. ಕೈಯಲ್ಲಿ ಮುಟ್ಟಿ ನೋಡದೆ ತರಿಸಲು ಧೈರ್ಯ ಬರದೆ, ಸಾಗರದ ಬಸ್ ನಿಲ್ದಾಣದ ಹಿಂದೆ ಆಟೋ, ಬೈಕುಗಳ ಸೀಟು ಹೊಲಿಯುವ ಅಂಗಡಿಗೆ ಹಳೆಯ ಸೀಟನ್ನು ಹಿಡಿದುಕೊಂಡು ಹೋದೆ.

ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಯಾವ ಗಾಡಿದು ಮೇಡಂ?"

"ದೋಣಿದು."

"ಹೊಳೇಲಿ ಆಟೋ ಬಿಟ್ಟಿದೀರಾ? ಮೀಟರ್ ಹಾಕ್ತೀರಾ ಹೆಂಗೆ?" ಎಂದು ನಕ್ಕು, "ಕೂರೋದು ಯಾರು?" ಎಂದರು.

"ನಮ್ಮ ಅತ್ತೆ."

"ಅತ್ತೇರಾ! ಹಂಗಾರೆ ಗಟ್ಟಿ ಮಾಡ್ಬೇಕು. ನಿಮ್ಮ ಸೀಟು ಎಷ್ಟು ಎತ್ತರ ಇದೆ?"

ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆ ನಡೆಯುವ ಒಂದು ಪದ್ಧತಿಯಿದೆ. ಹಿರಿಯರು ನೆಲದಲ್ಲಿ ಕೂತಿದ್ದರೆ ಕಿರಿಯರು ಕುರ್ಚಿಯಲ್ಲಿ ಕೂರುವುದಿಲ್ಲ. ತರಗತಿಯಲ್ಲಿ ನಾನು ಸಮಾನತೆಯ ಬಗ್ಗೆ ಏನೇ ಹೇಳಲಿ, ಅತ್ತೆ ಜಗಲಿಯ ನೆಲದಲ್ಲಿ ಕಂಡರೆ ನನ್ನ ಕಾಲು ತಾನಾಗಿ ಮಡಚಿಕೊಳ್ಳುತ್ತದೆ. ದೋಣಿಯಲ್ಲಿ ನನ್ನ ಸೀಟೇ ಸ್ವಲ್ಪ ಎತ್ತರ. ಅದು ಇಷ್ಟು ವರ್ಷ ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಚುಚ್ಚುತ್ತಿತ್ತೋ, ಈಗ ಬರೆಯುವಾಗ ಚುಚ್ಚುತ್ತಿದೆಯೋ ಹೇಳಲಾರೆ. ಅಂತೂ, "ನನ್ನದಕ್ಕಿಂತ ತಗ್ಗು ಬೇಡ" ಎಂದೆ.

"ಅದು ಸರಿ ಮತ್ತೆ. ಹಿರಿಯರು" ಎಂದು ಅವರೂ ತಲೆಯಾಡಿಸಿದರು.

ಹಾಗೆ ತಯಾರಾದ ಸೀಟು ನೋಡಲು ಚೆಂದವಿತ್ತು. ಗೇಣುದ್ದಕ್ಕೂ ಮೀರಿದ ದಪ್ಪದ ಸ್ಪಂಜು, ಕುತ್ತಿಗೆವರೆಗಿನ ಬೆನ್ನು, ಕೆಂಪು ರೆಕ್ಸಿನ್. ಕೊಟ್ಟಿಗೆಯಿಂದ ದೋಣಿಯನ್ನು ಇಳಿಸಿ, ಸೀಟನ್ನು ಕೊಂಡಿಗಳಿಗೆ ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಅತ್ತೆಯನ್ನು ಕರೆದೆ. "ನೋಡೇ ಬಿಡಣ" ಎಂದು ಅವರು ಬಂದು ಕೂತರು.

ದೋಣಿ ಎಡಕ್ಕೆ ವಾಲಿತು. ನಾನು ಹಿಡಿದೆ. ಬಲಕ್ಕೆ ವಾಲಿತು. ಭಾರವೆಲ್ಲ ಮೇಲೆ ಹೋದರೆ ಇಷ್ಟು ಸಪೂರ ದೋಣಿ ನಿಲ್ಲುವುದಾದರೂ ಹೇಗೆ? ಅದು ಅಂಗಡಿಯಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ. ಎತ್ತರದ ಬೆನ್ನು ಲೈಫ್ ಜಾಕೆಟ್ಟನ್ನು ಹಿಂದಿನಿಂದ ಮೇಲಕ್ಕೆ ತಳ್ಳಿ, ಅತ್ತೆಯ ಕಿವಿಗಳು ಅದರೊಳಗೆ ಮುಚ್ಚಿಹೋಗಿದ್ದವು.

"ಅಯ್ಯಯ್ಯೋ, ಅಂಬಾರಿ ಮೇಲೆ ಕೂರ್ಸಿದೀಯಲ್ಲೇ! ಆನೆ ಎಲ್ಲಿ?"

"ಅಲುಗಾಡಬೇಡಿ ಅತ್ತೆ!"

"ನಾನೆಲ್ಲಿ ಅಲುಗಾಡ್ತಿದೀನಿ, ನಿನ್ನ ಸಿಂಹಾಸನ ಅಲುಗಾಡ್ತಿರೋದು!"

ದಡದಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ನಗುತ್ತಾ ಎದ್ದು ಬರುವಷ್ಟರಲ್ಲಿ ಅತ್ತೆ ಪಕ್ಕಕ್ಕೆ ಜಾರಿ ನೀರಿನಲ್ಲಿ ಕೂತಿದ್ದರು. ಪೆಟ್ಟಾಗಲಿಲ್ಲ. ಅವರೂ ನಕ್ಕರು. ಆದರೆ ವಾಪಸು ಬರುವಾಗ ಜೀಪಿನಲ್ಲಿ ಕಿಟಕಿಯ ಕಡೆ ತಿರುಗಿ ಮೆಲ್ಲಗೆ, "ಬಿಡು ಮಾರಾಯ್ತಿ. ವಯಸ್ಸಾಯ್ತು ಅಂತ ದೋಣಿಗೂ ಗೊತ್ತಾಗಿದೆ" ಎಂದರು. ಹಿಂದೆ ಇಟ್ಟಿದ್ದ ಕೆಂಪು ಸೀಟಿನ ಸ್ಪಂಜಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೆ ನಾನು ಏನೋ ಹೇಳಿದೆ ಎನ್ನುತ್ತಾರೆ ನನ್ನ ಗಂಡ. ಏನೆಂದು ಅವರಿಗೂ ನೆನಪಿಲ್ಲ.

ಆಮೇಲೆ ಮನೆಯಲ್ಲಿ ನಾನು ಅತ್ತೆಯನ್ನು ಕಳ್ಳಗಣ್ಣಿನಿಂದ ಗಮನಿಸತೊಡಗಿದೆ. ಸೋಫಾದಲ್ಲಿ ಅವರು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಎದ್ದು ನೆಲಕ್ಕೆ ಹೋಗುತ್ತಿದ್ದರು. ಗೋಡೆಗೆ ಕಂಬಳಿಯ ಸುರುಳಿ ಇಟ್ಟು, ಸೊಂಟದ ಕೆಳಭಾಗವನ್ನು ಮಾತ್ರ ಅದಕ್ಕೆ ಆನಿಸಿ, ಮೊಣಕಾಲು ತುಸು ಮಡಚಿ, ಕಾಲು ಚಾಚಿ ಸೊಪ್ಪು ಸೋಸುತ್ತಿದ್ದರು. ಒಂದು ಗಂಟೆಯಾದರೂ ಸೊಂಟದ ಸುದ್ದಿಯಿಲ್ಲ. ಎಷ್ಟೋ ವರ್ಷಗಳಿಂದ ಅವರು ಕೂರುತ್ತಿದ್ದದ್ದೇ ಹಾಗೆ. ನಾನು ಕಂಡಿದ್ದೆ, ಆದರೆ ನೋಡಿರಲಿಲ್ಲ. ಅವರು ಕೆಳಗೆ ಕೂತ ಕೂಡಲೇ ನಾನೂ ಗಡಿಬಿಡಿಯಿಂದ ಕೆಳಗೆ ಕೂರುತ್ತಿದ್ದೆ ಅಷ್ಟೇ.

"ಅತ್ತೆ, ಒಂದು ಸಲ ನನ್ನ ಜೊತೆ ಸೀಟಿನ ಅಂಗಡಿಗೆ ಬರ್ತೀರಾ?"

"ಮತ್ತೆ ಅಂಬಾರಿನಾ?"

"ಇಲ್ಲ. ಈ ಸಲ ನೀವೇ ಹೇಳಿ ಮಾಡಿಸಿ."

ಬಂದರು. ಅಂಗಡಿಯವರು ಕುರ್ಚಿ ಎಳೆದುಕೊಟ್ಟರೆ, ಅತ್ತೆ ಅದನ್ನು ಸರಿಸಿ ರೆಕ್ಸಿನ್ ತುಂಡುಗಳ ನಡುವೆ ನೆಲದಲ್ಲೇ ಗೋಡೆಗೆ ಒರಗಿ ಕಾಲು ಚಾಚಿ ಕೂತುಬಿಟ್ಟರು. ಸೀಟು ಹಾಕಿಸಲು ಬಂದಿದ್ದ ಆಟೋದವರೊಬ್ಬರು ಗಾಬರಿಯಾಗಿ, "ಅಮ್ಮಾ, ತಲೆ ಸುತ್ತಾ?" ಎಂದು ನೀರಿನ ಬಾಟಲಿ ಹಿಡಿದರು.

"ಅಳತೆ ಕೊಡ್ತಿದೀನಿ ಕಣಪ್ಪಾ" ಎಂದರು ಅತ್ತೆ. ಆಮೇಲೆ ಅಂಗಡಿಯವರ ಕಡೆ ತಿರುಗಿ, ಕೈಯನ್ನು ಸೊಂಟದ ಹಿಂದೆ ಇಟ್ಟು, "ಇಲ್ಲಿ ನೋಡಿ. ಇಷ್ಟು ಎತ್ತರ ಬೆನ್ನು ಸಾಕು, ಒಳಗೆ ಗಟ್ಟಿ ಇರ್ಬೇಕು. ಇದರ ಮೇಲಿನ ಬೆನ್ನು ನಂದು, ಅದನ್ನ ನಾನೇ ನೋಡ್ಕಂತೀನಿ. ಕೂರಕ್ಕೆ ತೆಳ್ಳಗೆ ಹಾಕಿ, ನೀರು ಕುಡೀಬಾರ್ದು."

"ಯೋಗ ಮಾಡೋ ಮ್ಯಾಟಿನ ಶೀಟ್ ಇದೆ, ಅದು ನೀರು ಎಳೆಯಲ್ಲ. ಆದ್ರೆ ಅಮ್ಮಾ, ಸೊಸೆಗಿಂತ ತಗ್ಗಲ್ಲಿ ಕೂತ್ಕಂತೀರಾ?"

"ನೀರಲ್ಲಿ ಎಂತ ಮೇಲೆ ಕೆಳಗೆ? ಮಗುಚಿದ್ರೆ ಇಬ್ರೂ ಒಂದೇ."

ಅವರು ಅದನ್ನು ತಮಾಷೆಗೆ ಹೇಳಿದರು. ನಾನು ರೆಕ್ಸಿನ್ನಿನ ಬಣ್ಣ ನೋಡುವವಳಂತೆ ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತೆ.

ಹೊಸ ಸೀಟಿನಲ್ಲಿ ನೋಡಲು ಏನೂ ಇರಲಿಲ್ಲ. ತೆಳುವಾದ ಕಪ್ಪು ಹಾಸು, ಸೊಂಟದೆತ್ತರದ ಗಟ್ಟಿ ಬೆನ್ನು, ಬೇಕಾದಷ್ಟು ಬಿಗಿಯಲು ಎರಡೂ ಬದಿ ಪಟ್ಟಿಗಳು. ಅತ್ತೆ ಅದನ್ನು ದೋಣಿಗೆ ತಾವೇ ಸಿಕ್ಕಿಸಿ, ಪಟ್ಟಿ ಎಳೆದು, ಸಡಿಲಿಸಿ, ಮತ್ತೆ ಎಳೆದು ಕೂತರು. ದೋಣಿ ಸುಮ್ಮನಿತ್ತು.

"ಹೆಂಗಿದೆ ಅತ್ತೆ?"

"ತಡಿ ಮಾರಾಯ್ತಿ. ಸೊಂಟ ಇನ್ನೂ ವಿಚಾರ ಮಾಡ್ತಾ ಇದೆ."

ನಿಧಾನಕ್ಕೆ ದಡ ಬಿಟ್ಟೆವು. ಹಿನ್ನೀರು ತುಂಬಿತ್ತು. ನೀರಿನಲ್ಲಿ ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಅತ್ತೆ ಕೆಲವು ಸಲ ಹುಟ್ಟು ಹಾಕಿದರು, ಆಮೇಲೆ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ನೋವು ಶುರುವಾಯಿತೇನೋ ಎಂದುಕೊಂಡೆ. ಕೇಳಲು ಹೆದರಿ ಸುಮ್ಮನೆ ಹುಟ್ಟು ಹಾಕುತ್ತಲೇ ಹೋದೆ. ಅವರ ತಲೆ ಮೆಲ್ಲಗೆ ಎಡಕ್ಕೆ ಬಾಗಿತು. ಭುಜಗಳು ಸಡಿಲಾದವು. ಉಸಿರು ಒಂದೇ ಹದದಲ್ಲಿ ಏರಿಳಿಯುತ್ತಿತ್ತು.

ಅತ್ತೆ ನಿದ್ದೆ ಮಾಡುತ್ತಿದ್ದರು.

ನೀರು ಸದ್ದು ಮಾಡದಂತೆ ಹುಟ್ಟನ್ನು ಓರೆಯಾಗಿ ಇಳಿಸಿ, ಓರೆಯಾಗಿಯೇ ಎತ್ತುತ್ತಾ, ಇಬ್ಬರ ಪಾಲಿನದನ್ನೂ ನಾನೇ ಹಾಕಿದೆ. ದಡಕ್ಕೆ ತಿರುಗಿಸುವಾಗ ದೋಣಿ ಒಂದು ಕೊಂಬೆಗೆ ತಾಗಿ ಅವರಿಗೆ ಎಚ್ಚರವಾಯಿತು.

"ಎಂತಕ್ಕೆ ತಿರುಗಿಸ್ತಿದೀಯ? ನಾನೇನು ಮಲಗಿರ್ಲಿಲ್ಲ" ಎಂದು ಅತ್ತೆ ಹುಟ್ಟು ಎತ್ತಿಕೊಂಡರು. "ಇನ್ನೊಂಚೂರು ಮುಂದೆ ಹೋಗಣ."