ಜೇಬಿಗೆ ಹೋದ ಎರಡು ಗೂಡು

ಕಳೆದ ಆಷಾಢದ ಮೊದಲ ಮಂಗಳವಾರ ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಸುವ ರೀಲರ್ ಒಬ್ಬರು ಎರಡು ಗೂಡುಗಳನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅದನ್ನು ಒಬ್ಬರು ಫೋನಿನಲ್ಲಿ ಹಿಡಿದರು. ವಿಡಿಯೋ ಹನ್ನೊಂದು ಸೆಕೆಂಡಿನದು. ಅದರಲ್ಲಿ ಸುಳ್ಳಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಅದು ಚಿಂತಾಮಣಿಯಲ್ಲಿದ್ದ ನನ್ನ ಫೋನಿಗೆ ಬಂತು. ಕೆಳಗೆ ಎರಡು ಸಾಲು: "ರೈತನ ಹೊಟ್ಟೆ ಮೇಲೆ ಹೊಡೆಯುವ ಕಳ್ಳ ರೀಲರ್. ಎಲ್ಲರಿಗೂ ತಲುಪುವವರೆಗೆ ಶೇರ್ ಮಾಡಿ." ನಮ್ಮೂರಿನ ಗುಂಪಿಗೆ ಕಳಿಸಿದವನು ನನ್ನ ಚಿಕ್ಕಪ್ಪನ ಮಗ, ಊರಿನಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವವನು. ಸಂಜೆಯೊಳಗೆ ಇನ್ನೂ ನಾಲ್ಕು ಗುಂಪುಗಳಿಂದ ಬಂತು. ಅವುಗಳಲ್ಲಿ ಒಂದು ಗೌರಿಬಿದನೂರಿನದು, ಕುಡುಮಲಕುಂಟೆಯ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವವರ ಗುಂಪು. ಅವರಲ್ಲಿ ಹೆಚ್ಚಿನವರು ಗೂಡಿನ ಮಾರುಕಟ್ಟೆಯ ಬಾಗಿಲನ್ನೂ ನೋಡಿದವರಲ್ಲ. ಆದರೂ ಒಬ್ಬರು ಬೆಂಕಿಯ ಚಿತ್ರ ಹಾಕಿದ್ದರು, ಇನ್ನೊಬ್ಬರು ಚಪ್ಪಲಿಯದು.

ವಿಡಿಯೋದಲ್ಲಿದ್ದವರನ್ನು ನಾನು ಬಲ್ಲೆ. ನನ್ನ ವರದಿಗಾರಿಕೆ ಶುರುವಾದದ್ದೇ ಗೂಡಿನ ಧಾರಣೆಯನ್ನು ಪತ್ರಿಕೆಗೆ ಕಳಿಸುವ ಕೆಲಸದಿಂದ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಬಲಿತಿದೆಯೋ ಇಲ್ಲವೋ ಎಂದು ಕೇಳಿ ತಿಳಿಯುವುದನ್ನು ನನಗೆ ಹೇಳಿಕೊಟ್ಟವರು ಅವರು. ನಾನು ಅವರನ್ನು ಭಾಯಿ ಎನ್ನುತ್ತೇನೆ. ಅವರದು ಹತ್ತು ಬೇಸಿನ್‌ಗಳ ಸಣ್ಣ ಘಟಕ. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ; ಬೇಸಿನ್ನಿಗೆ ಒಬ್ಬರಂತೆ ಹತ್ತು ಹೆಂಗಸರು ಕೂರುತ್ತಾರೆ. ಮಾರುಕಟ್ಟೆಯಲ್ಲಿ ಇವತ್ತು ಗೂಡು ಸಿಗದಿದ್ದರೆ ನಾಳೆ ಅವರಿಗೆ ಕೆಲಸವಿಲ್ಲ.

ಜೇಬಿನ ವಿಷಯ ಹೀಗೆ. ಮಾರುಕಟ್ಟೆಯಲ್ಲಿ ಒಬ್ಬೊಬ್ಬ ರೈತನ ಗೂಡನ್ನೂ ಪ್ರತ್ಯೇಕವಾಗಿ ಜಾಲರಿಯಲ್ಲಿ ಸುರಿದಿರುತ್ತಾರೆ. ಅದು ಒಂದು ಲಾಟು. ರೀಲರ್‌ಗಳು ಸಾಲಿನುದ್ದಕ್ಕೂ ನಡೆಯುತ್ತ ಒಂದು ಹಿಡಿ ಎತ್ತಿ, ನೋಡಿ, ಹಾಕುತ್ತಾರೆ. ಭಾಯಿ ಮಾತ್ರ ಮನಸ್ಸಿಗೆ ಹಿಡಿಸಿದ ಲಾಟಿನಿಂದ ಎರಡು ಗೂಡು ಜೇಬಿಗಿಟ್ಟುಕೊಂಡು, ಮುಂದಿನ ಲಾಟುಗಳ ಪಕ್ಕದಲ್ಲಿ ಹಿಡಿದು ಹೋಲಿಸಿ, ತಿರುಗಿ ಬರುವಾಗ ಅದೇ ಜಾಲರಿಗೆ ಹಾಕುತ್ತಾರೆ. ಹಳಬರಲ್ಲಿ ಇನ್ನೂ ಕೆಲವರು ಹೀಗೆ ಮಾಡುತ್ತಿದ್ದರು. ವಾಪಸ್ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವಿಡಿಯೋ ಜೇಬಿನ ಹತ್ತಿರವೇ ನಿಲ್ಲುತ್ತದೆ.

ಅವತ್ತೇ ಸಂಜೆ ಫೋನ್ ಮಾಡಿದೆ.

"ನೋಡಿದ್ರಾ ಭಾಯಿ?"

"ನೋಡ್ದೆ ಸಾರ್. ಮಗಳು ತೋರಿಸಿದ್ಳು. ಹೊಟ್ಟೆ ಒಂದ್ ಜಾಸ್ತಿ ಕಾಣ್ತೈತೆ. ಸೈಡಿಂದ ತೆಗೀಬಾರ್ದಾಗಿತ್ತು."

"ತಮಾಷೆ ಬಿಡಿ."

"ಇನ್ನೇನ್ ಮಾಡ್ಲಿ ಸಾರ್? ಎಲ್ಡು ಗೂಡು. ನಾಳೆ ಹೊತ್ಗೆ ಮರೀತಾರೆ."

ಮರೆಯಲಿಲ್ಲ. ಹರಾಜು ಈಗ ನಡೆಯುವುದು ಫೋನಿನಲ್ಲಿ. ರೀಲರ್‌ಗಳು ದರ ಹಾಕುತ್ತಾರೆ, ಹೆಚ್ಚಿನ ದರ ಯಾರದೆಂದು ರೈತನಿಗೆ ತಿಳಿಯುತ್ತದೆ, ಒಪ್ಪುವುದು ಬಿಡುವುದು ರೈತನಿಗೆ ಸೇರಿದ್ದು. ಬುಧವಾರ ಮೂರು ಲಾಟುಗಳಿಗೆ ಭಾಯಿಯದೇ ಹೆಚ್ಚಿನ ದರ. ಮೂವರೂ ರೈತರು ಒಪ್ಪಲಿಲ್ಲ. ಅವರಲ್ಲಿ ಒಬ್ಬರು ಕಡಿಮೆ ದರಕ್ಕೆ ಬೇರೆಯವರಿಗೆ ಕೊಟ್ಟು ಹೋದರು.

ಆಗ ನಾನು ತಿದ್ದುಪಡಿ ಬರೆಯಲು ಕುಳಿತೆ.

ಪತ್ರಿಕೆಯಲ್ಲಿ ತಿದ್ದುಪಡಿಗೆ ನಾವು ಕಲಿತ ಕ್ರಮವೊಂದಿದೆ. ಮೊದಲು ಏನು ಪ್ರಕಟವಾಗಿತ್ತು ಎಂಬುದನ್ನು ಇದ್ದ ಹಾಗೆ ಹೇಳಬೇಕು, ನಂತರ ನಿಜ ಏನೆಂದು ಹೇಳಬೇಕು. ತಪ್ಪು ಯಾವ ಪುಟದಲ್ಲಿ ಬಂದಿತ್ತೋ ಅದೇ ಪುಟದಲ್ಲಿ ಹಾಕಬೇಕು. ಮೂಲವನ್ನು ನೋಡದೆ ಬರೆಯಬಾರದು. ಇಪ್ಪತ್ತಾರು ವರ್ಷ ಮುರಿಯದೆ ಪಾಲಿಸಿದ ಕ್ರಮ ಅದು. ಗುರುವಾರ ಅದರಂತೆಯೇ ನಡೆದೆ. ಎರಡು ಗಂಟೆ ಹುಡುಕಿ, ವಿಡಿಯೋ ತೆಗೆದ ರೈತರನ್ನು ಪತ್ತೆ ಮಾಡಿದೆ. ಪೂರ್ತಿ ವಿಡಿಯೋ ಕೊಡಿ ಎಂದು ಕೇಳಿದೆ.

"ಮುಂದಿನ್ದು ಏನೂ ಇರ್ಲಿಲ್ಲ ಸಾರ್, ಸುಮ್ನೆ ಓಡಾಡ್ತಿದ್ರು. ಕತ್ತರಿಸಿ ಬಿಸಾಕ್ದೆ," ಎಂದರು.

"ಅವ್ರು ವಾಪಸ್ ಹಾಕಿದ್ದು?"

"ಹಾಕಿದ್ರೇನೋ. ನಾನು ಸ್ಟೇಟಸ್‌ಗೆ ಅಂತ ತೆಗ್ದಿದ್ದು. ಕಳ್ಳ ಗಿಳ್ಳ ಅಂತ ನಾನ್ ಬರ್ದಿಲ್ಲಪ್ಪ."

ಅವರ ಬಳಿ ಉಳಿದಿದ್ದು ಆ ಹನ್ನೊಂದು ಸೆಕೆಂಡು ಮಾತ್ರ. ಅದನ್ನೇ ಪಡೆದುಕೊಂಡೆ. ಗುಂಪಿನಿಂದ ಗುಂಪಿಗೆ ಹಾರಿ ಮಸುಕಾದ ಪ್ರತಿಯಲ್ಲ ಇದು, ಮೂಲ ಪ್ರತಿ. ಅದರ ಕೆಳಗೆ ಎಂಟು ಸಾಲು ಬರೆದು, ನನ್ನ ಹೆಸರು ಹಾಕಿ, ವಿಡಿಯೋ ಬಂದಿದ್ದ ಐದೂ ಗುಂಪುಗಳಿಗೆ ಕಳಿಸಿದೆ. ಅದೇ ಪುಟ, ಅದೇ ಜಾಗ.

ಶುಕ್ರವಾರ ಬೆಳಿಗ್ಗೆ ವಿಡಿಯೋ ಮೊದಲಿಗಿಂತ ಹೆಚ್ಚು ಓಡುತ್ತಿತ್ತು. ಈ ಸಲ ಮುಖ ಸ್ಪಷ್ಟವಾಗಿತ್ತು. ನನ್ನ ಎಂಟು ಸಾಲು ಇರಲಿಲ್ಲ. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ಕೇಳಿದೆ.

"ಅಣ್ಣ, ನೀನ್ ಬರ್ದಿದ್ದು ಉದ್ದ ಐತೆ ಕಣಣ್ಣ. ಯಾರ್ ಓದ್ತಾರೆ? ವಿಡಿಯೋ ಮಾತ್ರ ಸಖತ್ ಕ್ಲಿಯರಾಗಿತ್ತು, ಅದ್ನ ಮುಂದಕ್ಕೆ ಹಾಕ್ದೆ."

"ನೀನು ಓದಿದ್ಯೇನೋ?"

"ಮೊದಲ್ನೇ ಸಾಲು ಓದ್ದೆ. ಕಳ್ಳ ಅಂತ್ಲೇ ಇತ್ತಲ್ಲ."

ಇತ್ತು. ಏನು ಪ್ರಕಟವಾಗಿತ್ತು ಎಂಬುದನ್ನು ಮೊದಲು ಹೇಳಬೇಕೆಂಬ ಕ್ರಮದಂತೆ ಮೊದಲ ಸಾಲಿನಲ್ಲಿ ಅದೇ ಇತ್ತು.

"ಪೇಪರ್ನೋನು ನಮ್ಮಣ್ಣನೇ ಕಳಿಸೌನೆ ಅಂತ ಹೇಳ್ದೆ ಕಣಣ್ಣ. ಆಗ ನಂಬಿದ್ರು," ಎಂದು ಸೇರಿಸಿದ. ಅವನಿಗೆ ನನ್ನ ಬಗ್ಗೆ ಹೆಮ್ಮೆ.

ವಿಡಿಯೋ ವಿರುದ್ಧ ದೂರು ಕೊಡುವ ಗುಂಡಿ ಒತ್ತಿದೆ. ನಮ್ಮ ನಿಯಮಗಳಿಗೆ ವಿರುದ್ಧವಾದದ್ದು ಏನೂ ಕಾಣಲಿಲ್ಲ ಎಂದು ಆ್ಯಪ್ ಕಂಪನಿಯಿಂದ ಉತ್ತರ ಬಂತು. ಸಿಟ್ಟು ಬಂತು. ಆದರೆ ನಾನೇ ಡೆಸ್ಕಿನಲ್ಲಿ ಕೂತಿದ್ದರೂ ಇದನ್ನೇ ಹೇಳುತ್ತಿದ್ದೆ: ಚಿತ್ರ ಅಸಲಿ, ಜಾಗ ಅಸಲಿ, ದಿನ ಅಸಲಿ. ನಕಲಿ ಮುಖ, ನಕಲಿ ದನಿಯನ್ನು ಗುರುತಿಸುವ ಹೊಸ ಉಪಕರಣಗಳ ಸುದ್ದಿಯನ್ನು ನಾನು ವಾರಕ್ಕೆರಡು ಸಲವಾದರೂ ಓದುತ್ತೇನೆ. ಅಂಥದ್ದಕ್ಕೆ ಈ ವಿಡಿಯೋ ತೋರಿಸಿದರೆ ಪಾಸಾಗುತ್ತದೆ. ಹನ್ನೆರಡನೇ ಸೆಕೆಂಡಿನಲ್ಲಿ ಏನಾಯಿತು ಎಂದು ಕೇಳುವ ಉಪಕರಣದ ಸುದ್ದಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಫೋನಿನಲ್ಲಿ ಪ್ರಶ್ನೆಗೆ ಉತ್ತರ ಹೇಳುವ ಆ್ಯಪ್ ಒಂದಿದೆ. ಶಿಡ್ಲಘಟ್ಟದಲ್ಲಿ ಗೂಡು ಕದ್ದದ್ದು ನಿಜವೇ ಎಂದು ಕೇಳಿದೆ. ಒಂದು ಕಾಗುಣಿತದ ತಪ್ಪೂ ಇಲ್ಲದ ಕನ್ನಡದಲ್ಲಿ ಉತ್ತರ ಕೊಟ್ಟಿತು: ಸ್ಥಳೀಯ ಪತ್ರಕರ್ತರೊಬ್ಬರು ಹಂಚಿಕೊಂಡ ದೃಶ್ಯದಿಂದ ಇಂಥ ಘಟನೆ ಬೆಳಕಿಗೆ ಬಂದಿದೆ. ಅದು ಆಧಾರವಾಗಿ ತೋರಿಸಿದ್ದು ಒಂದು ಯೂಟ್ಯೂಬ್ ಚಾನೆಲ್ಲಿನ ಕಾರ್ಯಕ್ರಮವನ್ನು. ಆ ಚಾನೆಲ್ಲಿನವರು ನನಗೆ ಫೋನ್ ಮಾಡಿರಲಿಲ್ಲ, ಭಾಯಿಗೂ ಮಾಡಿರಲಿಲ್ಲ.

ಮುಂದಿನ ವಾರ ಶಿಡ್ಲಘಟ್ಟಕ್ಕೆ ಹೋದೆ. ಘಟಕದ ಬಾಗಿಲಲ್ಲೇ ಬೆಂದ ಹುಳುವಿನ ವಾಸನೆ ಇರಬೇಕು, ಅವತ್ತು ಇರಲಿಲ್ಲ. ಎರಡು ಬೇಸಿನ್ ಮಾತ್ರ ಓಡುತ್ತಿದ್ದವು, ಚಿಂತಾಮಣಿಯ ಮಾರುಕಟ್ಟೆಗೆ ಹೋಗಿ ತಂದ ಗೂಡಿನಿಂದ. ನಾನು ಕ್ಷಮೆ ಕೇಳಿದೆ. ಭಾಯಿ ಚಹಾ ತರಿಸಿದರು. ಮಾತಾಡಿದವರು ಅವರ ಹೆಂಡತಿ.

"ನೀವು ಒಳ್ಳೇದಕ್ಕೇ ಮಾಡಿದ್ರಿ ಸಾರ್, ಇಲ್ಲ ಅನ್ನಲ್ಲ. ಇನ್ನ ಏನೂ ಹಾಕ್‌ಬ್ಯಾಡಿ. ನೀವು ಹಾಕ್ದಷ್ಟೂ ನೋಡ್ತಾರೆ."

"ಇನ್ನೊಂದು ಸರಿಯಾಗಿ..."

"ಬ್ಯಾಡ ಅಂದ್ನಲ್ಲ ಸಾರ್."

ಆಮೇಲೆ ಅವರು ಗಂಡನ ಅಂಗಿಗಳನ್ನು ತಂದು ತೋರಿಸಿದರು. ಮಾರುಕಟ್ಟೆಗೆ ಹಾಕಿಕೊಂಡು ಹೋಗುವ ಆರೂ ಅಂಗಿಗಳ ಜೇಬಿನ ಬಾಯನ್ನು ಅವರೇ ಕೂತು ಹೊಲಿದಿದ್ದರು. ಭಾಯಿ ಈಗ ಫೋನನ್ನು ಬಲಗೈಯಲ್ಲೇ ಹಿಡಿದುಕೊಂಡು ಓಡಾಡುತ್ತಾರೆ. ಜಾಲರಿಗೆ ಎಡಗೈ ಮಾತ್ರ ಹಾಕುತ್ತಾರೆ, ನೋಡಿದ ಗೂಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬಿಡುತ್ತಾರೆ. ಎರಡು ಲಾಟು ಹೋಲಿಸಬೇಕಾದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆಯುತ್ತಾರೆ.

ಈ ಹೊಲಿಗೆಯಿಂದಲೂ ಕೆಲಸವಾಗಲಿಲ್ಲ. "ಜೇಬೇ ಹೊಲಿಸ್ಕೊಂಡೌನೆ ಅಂದ್ರೆ ಏನೋ ಇದ್ದೇ ಇರ್ಬೇಕು ಬಿಡಪ್ಪ," ಎಂದು ಮಾರುಕಟ್ಟೆಯ ಹೊರಗೆ ಚಹಾ ಕುಡಿಯುತ್ತಿದ್ದ ರೈತರೊಬ್ಬರು ಪಕ್ಕದವರಿಗೆ ಹೇಳಿದ್ದನ್ನು ನಾನೇ ಕೇಳಿದೆ. ತಿರುಗಿ ನಿಂತು ಉತ್ತರ ಕೊಡಬಹುದಿತ್ತು. ಪಕ್ಕದವರ ಕೈಯಲ್ಲಿ ಫೋನಿತ್ತು. ಬಸ್ ನಿಲ್ದಾಣದ ಕಡೆ ನಡೆದೆ.

ಗುಂಪುಗಳಲ್ಲಿ ಈಗ ಬೇರೆ ವಿಡಿಯೋಗಳು ಓಡುತ್ತಿವೆ. ಚಿಕ್ಕಪ್ಪನ ಮಗ ದಿನಕ್ಕೆ ಐದಾರು ಕಳಿಸುತ್ತಾನೆ. ನಿಜವೇನಣ್ಣ ಎಂದು ಕೇಳುತ್ತಾನೆ. ನಾನು ಉತ್ತರ ಬರೆಯುವಷ್ಟರಲ್ಲಿ ಮುಂದಕ್ಕೆ ಕಳಿಸಿರುತ್ತಾನೆ. ಇದನ್ನು ಬರೆಯಲು ಭಾಯಿಯನ್ನೂ ಅವರ ಹೆಂಡತಿಯನ್ನೂ ಕೇಳಿ ಒಪ್ಪಿಗೆ ಪಡೆದೆ. ಯಾರ ಹೆಸರೂ ಇರಬಾರದು, ಫೋನಿನಲ್ಲಿ ಹಾಕಬಾರದು, ಪುಸ್ತಕದಲ್ಲಿ ಬಂದರೆ ಅಡ್ಡಿಯಿಲ್ಲ ಎಂದರು. "ಪುಸ್ತಕ ಯಾರೂ ಫಾರ್ವರ್ಡ್ ಮಾಡಲ್ವಲ್ಲ ಸಾರ್," ಎಂದು ಭಾಯಿ ನಕ್ಕರು.

ಕಳೆದ ಸೋಮವಾರ ಶಿಡ್ಲಘಟ್ಟದ ಹರಾಜಿನಲ್ಲಿ ನಾಲ್ಕು ಲಾಟುಗಳಿಗೆ ಅವರದೇ ಹೆಚ್ಚಿನ ದರ. ರೈತರೊಬ್ಬರು ಒಪ್ಪಿದರು. ಮೂವರು ಒಪ್ಪಲಿಲ್ಲ. ಮಂಗಳವಾರ ಹತ್ತು ಬೇಸಿನ್‌ಗಳಲ್ಲಿ ನಾಲ್ಕು ಓಡಿದವು.