ಮೇನ್‌ಸ್ವಿಚ್ ಮಾವ

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಅಡುಗೆಮನೆಯ ಬಲ್ಬು ಬದಲಾಯಿಸಬೇಕಾದರೂ ಇಡೀ ಮನೆಯ ಕರೆಂಟು ತೆಗೆಯುವ ಮನುಷ್ಯ. ಬಲ್ಬಿನ ಸ್ವಿಚ್ ಆರಿಸಿದರೆ ಸಾಲದೇ ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ. ಹಜಾರದ ಬಾಗಿಲ ಪಕ್ಕದ ಪೆಟ್ಟಿಗೆ ತೆರೆದು, ಮೇನ್ ಕೆಳಗೆಳೆದು, ಟೆಸ್ಟರ್ ಇಟ್ಟು ನೋಡಿ, ಆಮೇಲೆಯೇ ಸ್ಟೂಲು ಹತ್ತುತ್ತಾನೆ. ಟೀವಿ, ಫ್ಯಾನು, ಚಾರ್ಜರು, ಯಾವುದೇ ಇರಲಿ, ಕೆಲಸ ಮುಗಿದ ಮೇಲೆ ಗೋಡೆಯಲ್ಲೇ ಆರಬೇಕು. ರಿಮೋಟಿನಲ್ಲಿ ಆರಿಸಿದ್ದನ್ನು ಅವನು ಆರಿಸಿದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಓಣಿಯವರು ಅವನಿಗೆ ಮೇನ್‌ಸ್ವಿಚ್ ಎಂದೇ ಹೆಸರಿಟ್ಟಿದ್ದಾರೆ. "ಮೇನ್‌ಸ್ವಿಚ್ ಮನೇಲಿದಾರಾ?" ಎಂದು ಬಾಗಿಲಲ್ಲಿ ನಿಂತು ಅವನನ್ನೇ ಕೇಳುತ್ತಾರೆ, ಅವನೂ "ಇದಾರೆ, ಒಳಗೆ ಬನ್ನಿ" ಅನ್ನುತ್ತಾನೆ.

ಲೈನ್‌ಮ್ಯಾನ್ ಆಗಿ ನಿವೃತ್ತನಾದವನು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಜೊತೆಯವನೊಬ್ಬ ಇನ್ನೂ ಕಂಬದ ಮೇಲಿರುವಾಗಲೇ ಅತ್ತ ಯಾರೋ ಲೈನಿಗೆ ಕರೆಂಟು ಬಿಟ್ಟುಬಿಟ್ಟರಂತೆ. ಆ ಮನುಷ್ಯ ಬದುಕಿದ, ಒಂದು ಕೈ ಹೋಯಿತು. ಮಾವ ಇದನ್ನು ನಮಗ್ಯಾರಿಗೂ ಹೇಳಿದವನಲ್ಲ. ನಾನು ಅವನನ್ನು ಗೇಲಿ ಮಾಡಿದಾಗ ಒಂದು ದಿನ ಅತ್ತೆ, ಅಂದರೆ ಅವನ ಹೆಂಡತಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು. ಹೇಳಿದ ಮರುಗಳಿಗೆಯಲ್ಲೇ ಅವಳೇ ಅವನ ಕಡೆ ತಿರುಗಿ, "ರೀ, ಫ್ರಿಜ್ಜನ್ನೂ ಆರ್ಸಿದೀರಲ್ಲ, ಹಾಲೇನು ನಿಮ್ಮಪ್ಪ ಬಂದು ಕಾಯಿಸ್ತಾರಾ?" ಎಂದು ಶುರುಮಾಡಿದಳು. ಅವನು ಮುಸಿಮುಸಿ ನಗುತ್ತಾ ಫ್ರಿಜ್ಜಿನ ಸ್ವಿಚ್ ಹಾಕಿದ.

ಅತ್ತೆಯ ಬಾಯಿ ಎಂದರೆ ಬಾಯಿ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಸರ್ವಿಸು ಮುಗಿಸಿದವಳು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಡೆ ನಿಲ್ಲುತ್ತದೆ ಎಂದು ಕೇಳಿದವರಿಗೆ ಉತ್ತರದ ಜೊತೆ ಒಂದು ಬೈಗುಳವೂ ಸಿಗುತ್ತಿತ್ತು. "ಬೋರ್ಡು ಕಣ್ಣಿಗೆ ಕಾಣಲ್ವಾ? ಓಡಿ, ಓಡಿ, ಹೊರಟೇಬಿಡ್ತು!" ಬೈಸಿಕೊಂಡವರೇ ಮುಂದಿನ ಸಲ ಬಂದು ಅವಳಿಗೆ ನಮಸ್ಕಾರ ಹೇಳಿಹೋಗುತ್ತಿದ್ದರು. ಆ ಬಾಯಿ ಒಂದು ಬೆಳಗ್ಗೆ, ಹಲ್ಲುಜ್ಜುತ್ತಾ ನಿಂತಿದ್ದ ಹಾಗೆಯೇ, ನಿಂತುಹೋಯಿತು.

ಲಕ್ವ. ಬಲಗೈ, ಬಲಗಾಲು, ಅದರ ಜೊತೆಗೆ ಮಾತು. ಆಸ್ಪತ್ರೆಯಿಂದ ಮನೆಗೆ ಬಂದಳು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದು ಮಾತ್ರ ಗಂಟಲಿಂದ ಮೇಲೆ ಬರುವುದಿಲ್ಲ. 'ನೀರು' ಎನ್ನಲು ಹೋದರೆ 'ನೀ' ಬಂದು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಮಾವನಿಗೆ ಬಿಡಿಸಿ ಹೇಳಿದ್ದರು. "ಈಗಿನ ಕೆಲವು ತಿಂಗಳೇ ಮುಖ್ಯ. ದಿನಾ ಅಭ್ಯಾಸ ಮಾಡಿದ್ರೆ ಬಹಳಷ್ಟು ವಾಪಸ್ ಬರುತ್ತೆ. ಬಿಟ್ರೆ ಕಷ್ಟ ಆಗುತ್ತೆ." ತಾವೇ ಎದುರಿಗೆ ಕೂತು ಹೇಳಿಕೊಡುವ ಹಾಗೆ ಪಾಠಗಳ ವಿಡಿಯೋ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರು. ಅವರು ಒಂದು ಶಬ್ದ ಹೇಳಿ ಸುಮ್ಮನಾಗುತ್ತಾರೆ, ಅತ್ತೆ ಅದನ್ನು ಹೇಳಬೇಕು.

ಆದರೆ ಅತ್ತೆ ಯಾರ ಎದುರೂ ಬಾಯಿ ಬಿಡಲೊಲ್ಲಳು. ಮಾವ ಪಕ್ಕದಲ್ಲಿ ಕೂತರೆ ಮುಖ ಗೋಡೆಗೆ ತಿರುಗಿಸುತ್ತಾಳೆ. ಊರಿಗೆಲ್ಲ ದಾರಿ ಹೇಳಿದವಳು ಮಗುವಿನ ಹಾಗೆ 'ಆ, ಊ' ಎನ್ನುವುದನ್ನು ಯಾರೂ ಕೇಳಬಾರದು, ಅಷ್ಟೇ. ಬಾಗಿಲು ಹಾಕಿ ಒಬ್ಬಳನ್ನೇ ಬಿಟ್ಟರೆ ಮಾಡುತ್ತಾಳೆ ಎಂಬುದು ಗೊತ್ತಾಯಿತು. ಒಬ್ಬಳೇ ವಿಡಿಯೋ ಹಾಕಿಕೊಳ್ಳುವುದು ಹೇಗೆ? ಮೊಬೈಲು ಕೊಟ್ಟರೆ ಎಡಗೈ ಬೆರಳು ಎಲ್ಲೆಲ್ಲೋ ತಾಗಿ ಯಾರಿಗೋ ಫೋನು ಹೋಗುತ್ತಿತ್ತು. ಟೀವಿ ರಿಮೋಟಿನ ಗುಂಡಿಗಳನ್ನು ಒತ್ತಿದರೆ ಎರಡೆರಡು ಒಟ್ಟಿಗೆ ಒತ್ತಿಹೋಗುತ್ತಿದ್ದವು. ದಿನಗಳು ಸುಮ್ಮನೆ ಉರುಳುತ್ತಿದ್ದವು.

"ಬೈಯೋರೇ ಇಲ್ಲ ಕಣೇ ಮನೇಲಿ," ಎಂದ ಮಾವ ನನ್ನ ಅಂಗಡಿಗೆ ಬಂದು ಕೂತು. "ಫ್ರಿಜ್ ಆರ್ಸಿದ್ರೂ ಸುಮ್ನೆ ನೋಡ್ತಾಳೆ. ಏನಾದ್ರೂ ಮಾಡು."

ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೇನೂ ಇಲ್ಲವೆನ್ನುವುದಿಲ್ಲ. ಆದರೆ ಆವತ್ತು ಮಾವನ ಮುಖ ನೋಡಿ ನನಗೆ ಅಳು ಬಂತು. ಮೂಲೆಯಲ್ಲಿ ಬಿದ್ದಿದ್ದ ಪುಟ್ಟ ಕಂಪ್ಯೂಟರ್ ಒಂದನ್ನು ಎತ್ತಿಕೊಂಡು ಹೋದೆ. ಊಟದ ಡಬ್ಬಿಯಷ್ಟೇ ಗಾತ್ರ, ಟೀವಿಯ ಹಿಂದೆ ಗೋಡೆಗೆ ಅಂಟಿಸಿದರೆ ಕಾಣುವುದೂ ಇಲ್ಲ. ನನ್ನ ಲೆಕ್ಕ ಸರಳವಾಗಿತ್ತು. ಕಂಪ್ಯೂಟರ್ ಏಳುವಾಗ ಪಾಸ್‌ವರ್ಡ್ ಕೇಳಬಾರದು, ಐಕಾನುಗಳ ಸಂತೆ ಕಾಣಬಾರದು, ಮೌಸು ಬೇಡ. ಎದ್ದ ಕೂಡಲೇ ನೇರವಾಗಿ ವಿಡಿಯೋ ತೋರಿಸುವ ಸಾಫ್ಟ್‌ವೇರ್ ತೆರೆದು ಮೇಡಂ ಪಾಠ ಶುರುವಾಗಬೇಕು. ಅಷ್ಟನ್ನೂ ಮಾಡಿದೆ. ಬೆಳಗ್ಗೆ ಯಾರಾದರೂ ಅದರ ಗುಂಡಿ ಒತ್ತಿ ಎಬ್ಬಿಸಿಟ್ಟರೆ ಆಯಿತು. ಪರದೆಯ ಮೇಲೆ ಮೇಡಂ ಬಂದು "ನಮಸ್ಕಾರ, ಶುರು ಮಾಡೋಣ್ವಾ?" ಅಂದಾಗ ಅತ್ತೆ ಬೆಚ್ಚಿಬಿದ್ದು, ಆಮೇಲೆ ನಕ್ಕಳು. ನಾನು ಬೀಗುತ್ತಾ ಮನೆಗೆ ಹೋದೆ.

ಮರುದಿನ ಮಾವನ ಫೋನು. "ಏನೋ ಕರೀ ಪರದೆ ಬಂದು ಇಂಗ್ಲಿಷಲ್ಲಿ ಪ್ರಶ್ನೆ ಕೇಳ್ತಿದೆ ಕಣೇ."

ಹೋಗಿ ನೋಡಿದೆ. ಕಳೆದ ಸಲ ಸರಿಯಾಗಿ ಮುಚ್ಚಿಲ್ಲ, ಈಗೇನು ಮಾಡಲಿ ಎಂದು ಕೇಳುತ್ತಾ ನಿಂತಿತ್ತು. "ಮಾವ, ಗೋಡೆ ಸ್ವಿಚ್ ಆರ್ಸಿದ್ಯಾ?"

"ಮತ್ತೆ? ಹಾಗೇ ಬಿಡೋಕಾಗುತ್ತಾ?"

ತಿಳಿಸಿ ಹೇಳಿದೆ. ತಲೆಯಾಡಿಸಿದ. ಮರುದಿನ ಮತ್ತೆ ಅದೇ ಕಥೆ. ಸ್ವಿಚ್ಚಿನ ಮೇಲೆ 'ಆರಿಸಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದ ಕಾಗದ ಅಂಟಿಸಿದೆ. ಪುಣ್ಯಾತ್ಮ ಆ ಕಾಗದವನ್ನು ಹರಿಯದ ಹಾಗೆ ಒಂದು ತುದಿ ಎತ್ತಿ, ಸ್ವಿಚ್ ಆರಿಸಿ, ಮತ್ತೆ ನೀಟಾಗಿ ಅಂಟಿಸಿದ್ದ! ನನಗೆ ಮೈಯೆಲ್ಲ ಉರಿದುಹೋಯಿತು.

"ನಿನಗೆ ಅತ್ತೆ ಮಾತಾಡೋದು ಬೇಕಾ ಬೇಡ್ವಾ? ಒಂದೇ ಒಂದು ಸ್ವಿಚ್ ಬಿಡು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಮಾವ ಸ್ಟೂಲಿನ ಮೇಲೆ ಕುಸಿದು ಕೂತ. "ಬೇಡ ಅಂತ ನಾನೇ ನನ್ನ ಕೈಗೆ ಹೇಳ್ಕೋತೀನಿ ಕಣೇ. ಅವಳು ಒಳಗೆ ಮಲಗಿರ್ತಾಳೆ, ಎದ್ದು ಓಡೋಕಾಗಲ್ಲ. ಅವಳ ರೂಮಲ್ಲಿ ಕರೆಂಟು ಉರೀತಾ ಇದೆ ಅಂದ್ರೆ ನನಗೆ ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ."

ನನ್ನ ಕೋಪ ಇಳಿಯಲಿಲ್ಲ, ಅವನ ಮೇಲಿದ್ದದ್ದು ಆ ಡಬ್ಬಿಯ ಮೇಲೆ ತಿರುಗಿತು. ಕೋಣೆಗೆ ಹೋಗಿ ಕೀಬೋರ್ಡು ಚುಚ್ಚಿ ಪಾಠ ಹಾಕಿ, ಗೋಡೆ ಸ್ವಿಚ್ ಬೇಡ, ಇದೊಂದು ಸಲ ರಿಮೋಟಿನಲ್ಲೇ ಟೀವಿ ಆರಿಸಿ ನೋಡು ಎಂದು ಅತ್ತೆಯ ಎಡಗೈಗೆ ಕೊಟ್ಟೆ. ಅವಳು ಒತ್ತಿದಳು. ಮೇಡಂ ಮಾಯವಾಗಿ ಯಾವುದೋ ಮೆನು ಬಂತು. ಮತ್ತೆ ಒತ್ತಿದಳು, ಇನ್ನೊಂದು ಮೆನು. ಅವಳಿಗೂ ರೇಗಿತು. ರಿಮೋಟನ್ನು ಹಾಸಿಗೆಯ ಮೇಲೆ ಒಗೆದು, ಪಕ್ಕದ ಗೋಡೆಗೆ ಕೈ ಚಾಚಿ, ಅಂಗೈಯಿಂದ ಸ್ವಿಚ್ಚನ್ನು ಫಟ್ಟೆಂದು ಹೊಡೆದು ಎಲ್ಲವನ್ನೂ ಆರಿಸಿಬಿಟ್ಟಳು. ಗಂಡನಿಗೆ ತಕ್ಕ ಹೆಂಡತಿ ಎಂದುಕೊಂಡೆ.

ಆಮೇಲೆ ಆ ಸ್ವಿಚ್ಚನ್ನೇ ನೋಡುತ್ತಾ ನಿಂತೆ. ಅವಳು ಆಸ್ಪತ್ರೆಯಿಂದ ಬರುವ ಮೊದಲೇ ಮಾವ ಇಡೀ ಸ್ವಿಚ್ ಬೋರ್ಡನ್ನು ಕಿತ್ತು, ಮಂಚದ ಎಡಕ್ಕೆ, ಅವಳ ಕೈಗೆ ಎಟುಕುವ ಎತ್ತರಕ್ಕೆ ಇಳಿಸಿ ಕೂಡಿಸಿದ್ದ. ಅಂಗೈಯಗಲದ ದೊಡ್ಡ ಸ್ವಿಚ್ಚುಗಳು. ಲೈಟು, ಫ್ಯಾನು, ಅವನನ್ನು ಕರೆಯಲು ಒಂದು ಬೆಲ್ಲು, ಕೊನೆಯದು ಟೀವಿಯದು. ಆ ಕೋಣೆಯಲ್ಲಿ ಅತ್ತೆ ಯಾರ ಹಂಗೂ ಇಲ್ಲದೆ ನಡೆಸಬಲ್ಲ ವಸ್ತು ಏನಾದರೂ ಇದ್ದರೆ ಅದೊಂದೇ. ನಾನು ಇಷ್ಟು ದಿನ ಅದನ್ನೇ ಮುಟ್ಟಬೇಡಿ ಎಂದು ಕಾಗದ ಅಂಟಿಸಿ ಕೂಗಾಡುತ್ತಿದ್ದೆ!

ಕಂಪ್ಯೂಟರನ್ನು ಅಂಗಡಿಗೆ ವಾಪಸ್ಸು ತಂದೆ. ಮೊದಲು ಅದರ ಒಳಗಿನ ಸೆಟ್ಟಿಂಗಿಗೆ ಹೋಗಿ, ಕರೆಂಟು ಬಂದ ಕೂಡಲೇ ಯಾರೂ ಗುಂಡಿ ಒತ್ತದೆ ತಾನಾಗಿ ಏಳುವ ಹಾಗೆ ಮಾಡಿದೆ. ಆಮೇಲೆ ಡಿಸ್ಕಿಗೆ ಬೀಗ ಹಾಕಿದೆ. ಅಂದರೆ, ಅದರಿಂದ ಓದಬಹುದು, ಅದರ ಮೇಲೆ ಏನನ್ನೂ ಬರೆಯುವಂತಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ತಾನೇ ಕೆಡುವುದು? ಬರೆಯುವುದೇ ಇಲ್ಲ ಎಂದರೆ ದಿನಕ್ಕೆ ಎಷ್ಟು ಸಲ ಆರಿಸಿದರೂ ಅದು ತುಟಿಪಿಟಿಕ್ಕೆನ್ನುವುದಿಲ್ಲ. ಮಾವನ ಟೀವಿಯೂ ಹಳೆಯದು, ಸ್ವಿಚ್ ಹಾಕಿದರೆ ತಾನೇ ಹೊತ್ತಿಕೊಳ್ಳುವ ಜಾತಿ. ಎರಡಕ್ಕೂ ಮೊದಲಿನ ಹಾಗೆ ಆ ಕೊನೆಯ ಸ್ವಿಚ್ಚೇ ಸಾಕು.

ಇದರಲ್ಲಿ ಒಂದು ತೊಡಕು ಇತ್ತು. ಬರೆದಿಟ್ಟುಕೊಳ್ಳಲಾಗದ ಯಂತ್ರಕ್ಕೆ ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಎಂಬುದು ನೆನಪಿರುವುದಿಲ್ಲ. ಪ್ರತಿ ಸಲವೂ ಮೊದಲ ಪಾಠದ 'ಆ'ದಿಂದಲೇ ಆರಂಭ. ಮೇಡಂಗೆ ಫೋನು ಮಾಡಿ ಕೇಳಿದೆ. "ಒಳ್ಳೇದೇ ಆಯ್ತು ಬಿಡಿ, ನಾಲಿಗೆ ಪಳಗುತ್ತೆ," ಅಂದರು.

ಮತ್ತೆ ಜೋಡಿಸಿದ ದಿನ ಮಾವನಿಗೆ ಹೇಳಿದೆ, "ಇನ್ಮೇಲೆ ನಿನಗೆ ಬೇಕಾದಾಗ ಆರ್ಸು, ಹೋಗು." ಅವನಿಗೆ ನಂಬಿಕೆ ಬರಲಿಲ್ಲ. ಆರಿಸಿದ, ಹಾಕಿದ, ಮತ್ತೆ ಆರಿಸಿದ, ಮತ್ತೆ ಹಾಕಿದ. ಪ್ರತಿ ಸಲವೂ ಸ್ವಲ್ಪ ಹೊತ್ತಿಗೆ ಮೇಡಂ ಬಂದು ನಮಸ್ಕಾರ ಹೇಳಿದರು. ಅತ್ತೆ ಅವನ ಕೈಯನ್ನು ತಳ್ಳಿ, ತಾನೇ ಅಂಗೈಯಿಂದ ಸ್ವಿಚ್ ಹಾಕಿ, ಬಾಗಿಲ ಕಡೆ ಗದ್ದ ತೋರಿಸಿದಳು. ಇಬ್ಬರೂ ತೆಪ್ಪಗೆ ಹೊರಗೆ ಬಂದೆವು.

ಅಲ್ಲಿಂದ ದಿನಾ ಬಾಗಿಲು ಮುಚ್ಚುತ್ತಿತ್ತು. ಒಳಗಿಂದ ಮೇಡಂ ದನಿ ಕೇಳುತ್ತಿತ್ತು, ಅದರ ಹಿಂದೆ ಅತ್ತೆಯ ಗೊಣಗು, ಕೆಲವೊಮ್ಮೆ ಅಳು. ಮಾವ ಬಾಗಿಲಿಗೆ ಕಿವಿ ಹಚ್ಚುವುದಿಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದ, ಆದರೆ ಅವನ ಸ್ಟೂಲು ದಿನದಿನವೂ ಬಾಗಿಲ ಹತ್ತಿರ ಸರಿಯುತ್ತಿತ್ತು. ಹೊರಗೆ ಮಾತ್ರ ಅತ್ತೆ ತುಟಿ ಬಿಚ್ಚಲಿಲ್ಲ. ಮೇಡಂ ಹೇಳಿದ ತಿಂಗಳುಗಳು ಸವೆಯುತ್ತಾ ಬಂದವು. "ಒಳಗೆ ಏನೋ ಬರ್ತಿರಬೇಕು, ಅಲ್ವಾ?" ಎಂದು ಅವನು ಕೇಳುವಾಗಲೆಲ್ಲ ನಾನು "ಬರುತ್ತೆ ಮಾವ" ಅನ್ನುತ್ತಿದ್ದೆ. ನನಗೂ ಒಳಗೊಳಗೇ ಭಯವಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಅತ್ತೆ ಬಾಗಿಲು ಹಾಕಿಕೊಂಡು ಬಹಳ ಹೊತ್ತಾಗಿತ್ತು. ಅಡುಗೆಮನೆಯ ಬಲ್ಬು ಮಿಣಮಿಣ ಎನ್ನತೊಡಗಿತು. ಮಾವ ಹೊಸ ಬಲ್ಬನ್ನು ಬಗಲಿಗಿಟ್ಟುಕೊಂಡು, ಸ್ಟೂಲು ಎಳೆದಿಟ್ಟು, ಹಜಾರಕ್ಕೆ ಬಂದು, ಏನೋ ಮಾತಾಡುತ್ತಲೇ ಮೇನ್ ಕೆಳಗೆಳೆದುಬಿಟ್ಟ. ಬೇಕೆಂದು ಮಾಡಿದ್ದಲ್ಲ, ಅವನ ಕೈಯ ಪಾಡಿಗೆ ಕೈ ಮಾಡಿತು. ಫ್ಯಾನು ನಿಂತಿತು. ಮೇಡಂ ದನಿ ಅರ್ಧದಲ್ಲೇ ನಿಂತಿತು. ಮನೆಯೆಲ್ಲ ನಿಶ್ಶಬ್ದವಾಯಿತು.

ಒಳಗಿಂದ ಗುಡುಗು ಬಂತು.

"ಯಾ... ಯಾಕ್ರೀ ಆರ್ಸಿದ್ರಿ? ಕೊನೇ ಪಾಠ! ಮತ್ತೆ... ಮತ್ತೆ ಮೊದ್ಲಿಂದ ಮಾಡ್ಬೇಕಲ್ರೀ!"

ಮಾವನ ಕೈ ಮೇನ್ ಮೇಲೆಯೇ ಇತ್ತು. ಬಗಲಲ್ಲಿದ್ದ ಬಲ್ಬು ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಅವನಿಗೆ ಅದು ಕೇಳಿಸಿತೋ ಇಲ್ಲವೋ. ನನ್ನನ್ನು ನೋಡಿದ, ಬಾಗಿಲನ್ನು ನೋಡಿದ.

"ಬೈದ್ಳು ಕಣೇ," ಅಂದ. "ನನ್ನ ಬೈದ್ಳು!" ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೂ ಮರೆತು ನಗುತ್ತಿದ್ದ. ನಾನೂ ನಾಚಿಕೆಯಿಲ್ಲದೆ ಜೋರಾಗಿಯೇ ಅತ್ತುಬಿಟ್ಟೆ.

ಮೇನ್ ಮೇಲಕ್ಕೆತ್ತಿದ. ಸ್ವಲ್ಪ ಹೊತ್ತಿಗೆ ಒಳಗೆ ಕಂಪ್ಯೂಟರು ತಾನಾಗಿ ಎದ್ದು, "ನಮಸ್ಕಾರ, ಶುರು ಮಾಡೋಣ್ವಾ?" ಎಂದಿತು. ಮಾವ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಇನ್ನೊಂದ್ಸಲ ಆರ್ಸಿ ನೋಡ್ಲಾ?"

ಪಿಸುಮಾತಾದರೂ ಅವಳಿಗೆ ಕೇಳಿಸಿತು. ಅವಳ ಕಿವಿಗೆ ಏನೂ ಆಗಿರಲಿಲ್ಲವಲ್ಲ.

"ಮು... ಮುಟ್ಟಿ ನೋಡಿ!" ಎಂದಳು ಅತ್ತೆ ಒಳಗಿಂದ.

ಓಣಿಯ ಅಂಗಡಿಗೆ ಹೋಗಿ ಇನ್ನೊಂದು ಬಲ್ಬು ತಂದುಕೊಟ್ಟೆ. ಮೇನ್ ತೆಗೆಯದೆ ಮಾವ ಸ್ಟೂಲು ಹತ್ತುವವನಲ್ಲ, ಮೇನ್ ಮುಟ್ಟುವ ಧೈರ್ಯ ಆ ದಿನ ಅವನಿಗೆ ಬರಲಿಲ್ಲ. ಸಂಜೆ ನಾವು ಮೂವರೂ ಮಿಣಮಿಣ ಎನ್ನುವ ಹಳೇ ಬಲ್ಬಿನ ಕೆಳಗೇ ಕೂತು ಊಟ ಮಾಡಿದೆವು.