ಸರ್ಧನಾದ ಗೋರಿಯ ಮುಂದಿಟ್ಟ ಎಡೆ

ಆ ಚಳಿಗಾಲದಲ್ಲಿ ನಾನು ಆಫೀಸಿಗೆ ಬಿಟ್ಟರೆ ಎಲ್ಲಿಗೂ ಹೋಗುತ್ತಿರಲಿಲ್ಲ. ರಾಜಧಾನಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಫೋನಿನ ಪಕ್ಕ ಕೂತಿರುತ್ತಿದ್ದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಗಡಿಯಲ್ಲಿ ಸೈನ್ಯ ಜಮಾಯಿಸಿತ್ತು. ನನ್ನ ಗಂಡ ರಾಜಸ್ಥಾನದ ಮರಳಿನಲ್ಲೆಲ್ಲೋ ಇದ್ದ. ಅವನ ಫೋನು ಬಂದು ವಾರಗಳೇ ಆಗಿದ್ದವು. ಟೀವಿಯವರು ಮಾತ್ರ ಬೆಳಿಗ್ಗೆ ಯುದ್ಧ ಶುರು ಮಾಡಿ ಸಂಜೆಗೆ ನಿಲ್ಲಿಸುತ್ತಿದ್ದರು.

ಅಂಥದ್ದರಲ್ಲಿ ಅತ್ತೆ ಸರ್ಧನಾಕ್ಕೆ ಹೋಗೋಣವೆಂದು ಹಟ ಹಿಡಿದರು. ಮೀರತ್‌ನಿಂದಾಚೆ ಕಬ್ಬಿನ ಗದ್ದೆಗಳ ನಡುವಿನ ಊರು. ಹಿಂದೆ ಅದನ್ನಾಳಿದ ಬೇಗಂ ಒಬ್ಬಳು ಕಟ್ಟಿಸಿದ ಚರ್ಚು ಅಲ್ಲಿದೆ, ಅಲ್ಲಿಯ ಮಾತೆಗೆ ಹರಕೆ ಹೊತ್ತರೆ ಸುಳ್ಳಾಗುವುದಿಲ್ಲ ಎಂದು ಕೆಳಗಿನ ಮನೆಯ ಮಂಗಳೂರಿನ ಆಂಟಿ ಹೇಳಿದ್ದರು. ಬೇಗಮಳ ಸೈನ್ಯದಲ್ಲಿದ್ದ ಪರದೇಶದ ಸೈನಿಕರ ಗೋರಿಗಳೂ ಇವೆಯಂತೆ. "ಸೈನಿಕರದ್ದಾ?" ಎಂದು ಅತ್ತೆ ಮತ್ತೆ ಮತ್ತೆ ಕೇಳಿದ್ದರು. ನಾನದನ್ನು ಅಷ್ಟಾಗಿ ಗಮನಿಸಲಿಲ್ಲ.

"ಫೋನ್ ಬಂದ್ರೆ ಯಾರು ಎತ್ತೋದು ಅತ್ತೆ?"

"ನೀನು ಕಣ್ಣು ಬಿಟ್ಕೊಂಡು ಕೂತ್ರೆ ಅದು ಬಡ್ಕೊಳ್ಳುತ್ತಾ? ಚಲೋ, ಟ್ಯಾಕ್ಸಿಗೆ ಹೇಳು."

ಅತ್ತೆ ಕೊಡಗಿನವರು. ನಾನು ಮೈಸೂರಿನ ಸಸ್ಯಾಹಾರಿ ಮನೆಯವಳು, ಪ್ರೀತಿಸಿ ಮದುವೆಯಾಗಿ ಅವರ ಮನೆ ಸೇರಿದವಳು. ನಮ್ಮಿಬ್ಬರ ನಡುವೆ ಕನ್ನಡ. ಅವರ ಪದ್ಧತಿಗಳು ನನಗೆ ಅರ್ಧಂಬರ್ಧ ಗೊತ್ತಿದ್ದವು, ಉಳಿದರ್ಧವನ್ನು ನಾನೇ ಊಹಿಸಿಕೊಳ್ಳುತ್ತಿದ್ದೆ.

ದಾರಿಯುದ್ದಕ್ಕೂ ಮಂಜು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಮೂಗಿನ ಹತ್ತಿರ ಬಂದ ಮೇಲೇ ಕಾಣುತ್ತಿದ್ದವು. ಯಮುನೆ ದಾಟಿದ ಮೇಲೆ ಪೊಲೀಸರು ಕಾರು ನಿಲ್ಲಿಸಿ ಡಿಕ್ಕಿ ತೆಗೆಸಿದರು. ಅತ್ತೆ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಿದ್ದರು. ಚೀಲದಲ್ಲೇನು ಎಂದರೆ "ಊಟ" ಎಂದರು. ನನ್ನ ತಲೆಯಲ್ಲಿ ಬೀಗ ಹಾಕಿದ ಮನೆಯಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ಚರ್ಚು ಚೆನ್ನಾಗಿತ್ತು ಎಂದು ಈಗ ಹೇಳಬಲ್ಲೆ. ಎರಡು ಎತ್ತರದ ಗೋಪುರಗಳು, ಸಾಲುಕಂಬಗಳ ಮುಖಮಂಟಪ, ಒಳಗೆ ಅಮೃತಶಿಲೆಯಲ್ಲಿ ಕೂತ ಬೇಗಂ. ಸುತ್ತಲ ಹಳ್ಳಿಗಳ ಹೆಂಗಸರು ಸೆರಗು ತಲೆಗೆಳೆದುಕೊಂಡು ಮೋಂಬತ್ತಿ ಹಚ್ಚುತ್ತಿದ್ದರು. ನಾನೂ ಹಚ್ಚಿದೆ. ಅವನ ದನಿ ಒಮ್ಮೆ ಕೇಳಿಸು ತಾಯಿ, ಬೇರೇನೂ ಬೇಡ ಎಂದೆ. ತಿರುಗಿದರೆ ಅತ್ತೆ ಇರಲಿಲ್ಲ.

ಅಂಗಳದಲ್ಲಿ ಹುಡುಕಿದೆ. ಬೇಗಮಳ ಹಳೆಯ ಅರಮನೆಯ ಗೇಟಿನವರೆಗೆ ಓಡಿದೆ. ಟ್ಯಾಕ್ಸಿಯವನು, "ಮಾತಾಜಿ ಕಬ್ರಿಸ್ತಾನ್ ಪೂಛ್ ರಹೀ ಥೀಂ" ಎಂದ. ಸ್ಮಶಾನವೇಕೆ ಕೇಳಿದರು ಎಂದು ಹೆದರಿಕೊಂಡೇ ಅಲ್ಲಿಗೆ ಹೋದೆ.

ಪುಟ್ಟ ಮಸೀದಿಗಳ ಹಾಗೆ ಗುಮ್ಮಟ ಹೊತ್ತ ಗೋರಿಗಳು. ಒಂದರ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ಬಾಳೆ ಎಲೆ, ಮೇಲೆ ಅಕ್ಕಿ ರೊಟ್ಟಿ, ಕೋಳಿ ಸಾರು. ಕೈಯಲ್ಲಿ ಮಿಲಿಟರಿ ಕ್ಯಾಂಟೀನಿನ ರಮ್ಮಿನ ಬಾಟಲಿ. ಸ್ಟೀಲ್ ಲೋಟಕ್ಕೆ ಸುರಿಯುತ್ತಿದ್ದರು.

ಸತ್ತ ಹಿರಿಯರಿಗೆ ಇವರು ಮಾಂಸ, ಮದ್ಯದ ಎಡೆ ಇಡುತ್ತಾರೆ ಎನ್ನುವುದು ನನಗೆ ಗೊತ್ತಿದ್ದ ಅರ್ಧ. ಇವರಿಗೆ ಸುದ್ದಿ ಬಂದಿದೆ, ನನ್ನಿಂದ ಮುಚ್ಚಿಟ್ಟಿದ್ದಾರೆ!

"ಯಾರಿಗೆ ಇಡ್ತಿದ್ದೀರಿ?" ಎಂದು ಕಿರುಚಿದೆ. "ಅವನಿಗೇನಾಗಿದೆ ಹೇಳಿ! ಬದುಕಿರೋನಿಗೆ ಎಡೆ ಇಡ್ತೀರಾ?"

ಕೂಗಿಗೆ ಕಾವಲುಗಾರ ಓಡಿಬಂದ. ಬಾಟಲಿ ಕಂಡಿದ್ದೇ ಅವನ ಮುಖ ಕೆಂಪಾಯಿತು. "ಶರಾಬ್? ಯಹಾಂ? ಫಾದರ್ ಕೋ ಬುಲಾತಾ ಹೂಂ!"

ಅತ್ತೆ ನಮ್ಮಿಬ್ಬರನ್ನೂ ನೋಡಲಿಲ್ಲ. ಲೋಟವನ್ನು ಎಲೆಯ ಪಕ್ಕ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದರು: "ನನ್ನ ಮಗನಿಗಲ್ಲ ಮಗಳೇ. ಅವನ ಅಪ್ಪನಿಗೆ."

ಮಾವ ಹಿಮದಲ್ಲಿ ನಡೆದ ಹಳೆಯ ಯುದ್ಧದಲ್ಲಿ ಹೋದವರು. ಆಗ ನನ್ನ ಗಂಡ ಕೈಗೂಸು. ದೇಹ ಸಿಗಲೇ ಇಲ್ಲ. ವರ್ಷಕ್ಕೊಮ್ಮೆ ಊರಿನಲ್ಲಿ, ಹಿರಿಯರ ಗುಡಿಯಾದ ಕೈಮಡದಲ್ಲಿ, ಎಲ್ಲರ ಜೊತೆ ಅವರಿಗೂ ಎಡೆ ಸಲ್ಲುತ್ತಿತ್ತು. ಈ ಸಲ ನಾನೊಬ್ಬಳೇ ಆಗುತ್ತೇನೆಂದು ಅತ್ತೆ ಊರಿಗೆ ಹೋಗಿರಲಿಲ್ಲ.

"ಈ ವರ್ಷ ಅವರಿಗೆ ನನ್ನ ಕೈಯಿಂದ ಏನೂ ಹೋಗ್ಲಿಲ್ಲ. ಮಗನ್ನ ನೋಡ್ಕೊಳ್ಳಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ? ಕೇಳೋಣ ಅಂದ್ರೆ ಅವರಿಗೊಂದು ಕಲ್ಲೂ ಇಲ್ಲ. ಇವರೂ ಮನೆ ಬಿಟ್ಟು ಬಂದ ಫೌಜಿಗಳು. ಯಾರಾದ್ರೂ ತಲುಪಿಸ್ತಾರೆ."

ಆಮೇಲೆ ಕಾವಲುಗಾರನ ಕಡೆ ತಿರುಗಿ ತಮ್ಮ ಹರಕು ಹಿಂದಿಯಲ್ಲಿ, "ಮೇರಾ ಆದ್ಮಿ ಫೌಜಿ ಥಾ, ಭಯ್ಯಾ. ಬೇಟಾ ಭೀ ಫೌಜಿ. ಪಾಂಚ್ ಮಿನಿಟ್" ಎಂದರು.

ಅವನು ಚರ್ಚಿನ ಕಡೆ ನೋಡಿದ, ಬಾಟಲಿ ನೋಡಿದ. "ಜಲ್ದಿ ಕೀಜಿಯೇ" ಎಂದು ಗೊಣಗಿ ಗೇಟಿನ ಹತ್ತಿರ ಹೋಗಿ ನಿಂತ. ಅತ್ತೆಯ ಪಕ್ಕ ಕೂತೆ. ಅವರು ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಪ್ರಾರ್ಥನೆಯ ಧಾಟಿ ಇರಲಿಲ್ಲ, ಗಂಡನನ್ನು ಗದರಿಸುವ ಧಾಟಿ ಇತ್ತು.

ಸಂಜೆ ಮನೆಯ ಬೀಗ ತೆಗೆಯುವಾಗ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಚಪ್ಪಲಿಯಲ್ಲೇ ಓಡಿದೆ. ಅವನೇ. "ಎಲ್ಲಿಗೆ ಹೋಗಿದ್ರಿ? ಮಧ್ಯಾಹ್ನದಿಂದ ಟ್ರೈ ಮಾಡ್ತಿದ್ದೀನಿ" ಎಂದ. ರಿಸೀವರನ್ನು ಅತ್ತೆಯ ಕೈಗೆ ಕೊಟ್ಟೆ.

ಅವರು ಸ್ವೆಟರ್ ವಿಚಾರಿಸಿದರು, ಊಟ ವಿಚಾರಿಸಿದರು. ನನಗೂ ಅರ್ಥವಾಗುವಷ್ಟು ಸರಳ ಕೊಡವ ಮಾತು. ಆಮೇಲೆ, "ಇವತ್ತು ನಿನ್ನಪ್ಪನಿಗೆ ಎಡೆ ಇಟ್ಟೆ" ಎಂದರು.

ಅವನು ಏನೋ ಕೇಳಿರಬೇಕು.

"ಒಬ್ಬ ಫೌಜಿಯ ಗೋರಿ ಹತ್ರ" ಎಂದರು ಅತ್ತೆ. ರಿಸೀವರನ್ನು ನನಗೇ ವಾಪಸ್ಸು ಕೊಟ್ಟರು. ಕಿವಿಗಿಟ್ಟುಕೊಂಡೆ. ಮದುವೆಯಾದಾಗಿನಿಂದ ಅಪ್ಪನ ಸುದ್ದಿಯನ್ನೇ ಎತ್ತದಿದ್ದ ನನ್ನ ಗಂಡ ಆ ಕಡೆ ಅಳುತ್ತಿದ್ದ.